ದೊಡ್ಡ ಕ್ರೀಡಾ ಕಾಲೇಜೋ, ಊರ ಪಕ್ಕದ ಕಾಲೇಜೋ: ಚಂದ್ರಗುತ್ತಿ ಸೀಮೆಯ ಕ್ರೀಡಾಪಟುವಿನ ಮುಂದಿರುವ ಆಯ್ಕೆ

ಚಂದ್ರಗುತ್ತಿ: ದ್ವಿತೀಯ ಪಿಯು ಫಲಿತಾಂಶ ಪ್ರಕಟವಾದ ಬೆನ್ನಲ್ಲೇ ಮಲೆನಾಡಿನ ಹಲವು ಮನೆಗಳಲ್ಲಿ ಒಂದು ಚರ್ಚೆ ಆರಂಭವಾಗುತ್ತದೆ. ಕಬಡ್ಡಿ, ವಾಲಿಬಾಲ್, ಕೊಕ್ಕೊ ಅಥವಾ ಓಟದಲ್ಲಿ ಜಿಲ್ಲಾ ಮಟ್ಟದವರೆಗೆ ಹೋಗಿ ಬಂದ ಮಗ ಅಥವಾ ಮಗಳನ್ನು ಪದವಿಗೆ ಎಲ್ಲಿಗೆ ಸೇರಿಸುವುದು? ಘಟ್ಟದ ಕೆಳಗಿನ ಅಥವಾ ಬೆಂಗಳೂರಿನ ಹೆಸರುವಾಸಿ ಕ್ರೀಡಾ ಕಾಲೇಜಿಗೋ, ಬಸ್ಸಿನಲ್ಲಿ ಹೋಗಿ ಸಂಜೆ ಮನೆಗೆ ಮರಳಬಹುದಾದ ತಾಲ್ಲೂಕು ಕೇಂದ್ರದ ಕಾಲೇಜಿಗೋ?

ಮೇಲ್ನೋಟಕ್ಕೆ ಉತ್ತರ ಸುಲಭ. ಉಚಿತ ವಸತಿ, ಉಚಿತ ಶಿಕ್ಷಣ, ಸಿಂಥೆಟಿಕ್ ಟ್ರ್ಯಾಕ್ ಇರುವ ಸಂಸ್ಥೆಯನ್ನು ಯಾರು ಬೇಡವೆನ್ನುತ್ತಾರೆ? ಆದರೆ ಪದವಿಯ ಮೂರು ವರ್ಷಗಳಲ್ಲಿ ಎಷ್ಟು ಪಂದ್ಯ ಆಡಲು ಸಿಗುತ್ತದೆ, ಯಾವ ಪ್ರಮಾಣಪತ್ರ ಕೈಸೇರುತ್ತದೆ, ಗಾಯವಾದರೆ ಓದು ಮುಂದುವರಿಯುತ್ತದೆಯೇ ಎಂಬ ಪ್ರಶ್ನೆಗಳನ್ನು ಮುಂದಿಟ್ಟಾಗ ಆಯ್ಕೆ ಅಷ್ಟು ಸರಳವಲ್ಲ ಎಂಬುದು ಮನವರಿಕೆಯಾಗುತ್ತದೆ.

ಮೂರು ವಿಶ್ವವಿದ್ಯಾಲಯಗಳ ನಡುವಿನ ಊರು

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿಗೆ ಸೇರಿದ ಚಂದ್ರಗುತ್ತಿ, ರೇಣುಕಾಂಬ ದೇವಾಲಯ ಹಾಗೂ ಬೆಟ್ಟದ ಮೇಲಿನ ಕೋಟೆಯಿಂದ ರಾಜ್ಯಕ್ಕೆ ಪರಿಚಿತ. ಉತ್ತರ ಕನ್ನಡದ ಗಡಿಗೆ ಅಂಟಿಕೊಂಡಿರುವ ಈ ಊರಿನ ವಿದ್ಯಾರ್ಥಿಗೆ ಭೌಗೋಳಿಕವಾಗಿಯೇ ಒಂದಕ್ಕಿಂತ ಹೆಚ್ಚು ದಾರಿಗಳಿವೆ.

ಸೊರಬ, ಶಿಕಾರಿಪುರ, ಸಾಗರ ಅಥವಾ ಶಿವಮೊಗ್ಗದ ಪದವಿ ಕಾಲೇಜು ಸೇರಿದರೆ ಆತ ಕುವೆಂಪು ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗುತ್ತಾನೆ. 1987ರಲ್ಲಿ ಸ್ಥಾಪನೆಯಾದ, ಶಂಕರಘಟ್ಟದಲ್ಲಿ ಕೇಂದ್ರ ಹೊಂದಿರುವ ಈ ವಿಶ್ವವಿದ್ಯಾಲಯದ ವ್ಯಾಪ್ತಿ 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಬೇರೆಯಾದ ನಂತರ ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಗೆ ಸೀಮಿತವಾಯಿತು. ಗಡಿ ದಾಟಿ ಸಿದ್ದಾಪುರ ಅಥವಾ ಶಿರಸಿಯ ಕಾಲೇಜು ಸೇರಿದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. ಘಟ್ಟ ಇಳಿದು ಮೂಡುಬಿದಿರೆ ಅಥವಾ ಉಜಿರೆಗೆ ಹೋದರೆ 1980ರಲ್ಲಿ ಆರಂಭವಾದ ಮಂಗಳೂರು ವಿಶ್ವವಿದ್ಯಾಲಯ. ಬೆಂಗಳೂರಿಗೆ ಹೋದವರಿಗೆ ಜೈನ್‌ನಂತಹ ಡೀಮ್ಡ್ ವಿಶ್ವವಿದ್ಯಾಲಯಗಳ ಬಾಗಿಲೂ ಇದೆ.

ಕಾಲೇಜಿನ ಆಯ್ಕೆಯೆಂದರೆ ವಿಶ್ವವಿದ್ಯಾಲಯದ ಆಯ್ಕೆಯೂ ಹೌದು. ಪೋಷಕರು ಹೆಚ್ಚಾಗಿ ಗಮನಿಸದ, ಆದರೆ ಕ್ರೀಡಾಪಟುವಿನ ಮಟ್ಟಿಗೆ ಬಹು ಮುಖ್ಯವಾದ ಸಂಗತಿ ಇದು.

ಮೆಟ್ಟಿಲುಗಳು ಹೇಗಿವೆ?

ಕಾಲೇಜು ಕ್ರೀಡೆಯ ಏಣಿಯನ್ನು ಮೊದಲು ಅರಿಯಬೇಕು. ಕೆಳಗಿನ ಮೆಟ್ಟಿಲು ಕಾಲೇಜು ತಂಡ. ಅದರ ಮೇಲೆ ಅಂತರ ಕಾಲೇಜು ಟೂರ್ನಿ. ಅಲ್ಲಿನ ಆಟ ಹಾಗೂ ಆಯ್ಕೆ ಪ್ರಕ್ರಿಯೆಯ ಮೂಲಕ ವಿಶ್ವವಿದ್ಯಾಲಯ ತಂಡ ರೂಪುಗೊಳ್ಳುತ್ತದೆ. ಗುಂಪು ಆಟಗಳಲ್ಲಿ ಈ ತಂಡ ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯ ಟೂರ್ನಿಗೆ ತೆರಳುತ್ತದೆ. ವಲಯದಲ್ಲಿ ಮುಂಚೂಣಿಯಲ್ಲಿ ನಿಂತ ತಂಡಗಳಿಗಷ್ಟೇ ಅಖಿಲ ಭಾರತ ಮಟ್ಟದ ಅವಕಾಶ. ಅಥ್ಲೆಟಿಕ್ಸ್‌ಗೆ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕೂಟವೇ ದೊಡ್ಡ ವೇದಿಕೆ.

ಈ ಟೂರ್ನಿಗಳ ಹೊಣೆ 1925ರಲ್ಲಿ ಹುಟ್ಟಿದ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ್ದು. ಸಾಮಾನ್ಯವಾಗಿ 17ರಿಂದ 25 ವರ್ಷದೊಳಗಿನ, ಪೂರ್ಣಾವಧಿ ಕೋರ್ಸಿನ ವಿದ್ಯಾರ್ಥಿಗಳಿಗೆ ಮಾತ್ರ ಇಲ್ಲಿ ಪ್ರವೇಶ. 2020ರಲ್ಲಿ ಒಡಿಶಾದ ಭುವನೇಶ್ವರದಲ್ಲಿ ಆರಂಭವಾದ ಖೇಲೊ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ಏಣಿಯ ಇನ್ನೊಂದು ಮೆಟ್ಟಿಲು. ಅಂತರ ವಿಶ್ವವಿದ್ಯಾಲಯ ಟೂರ್ನಿಗಳ ಸ್ಥಾನವೇ ಅದರ ಅರ್ಹತೆಗೆ ಆಧಾರ.

ಖಾಸಗಿ ಹಾಗೂ ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ ಈ ಏಣಿಗೆ ಒಂದು ಮೆಟ್ಟಿಲು ಕಡಿಮೆ. ಅಲ್ಲಿ ನೂರಾರು ಸಂಯೋಜಿತ ಕಾಲೇಜುಗಳಿಲ್ಲ. ಸಂಸ್ಥೆಯ ತಂಡವೇ ವಿಶ್ವವಿದ್ಯಾಲಯದ ತಂಡ. ಸ್ಥಾನ ಸಿಕ್ಕರೆ ನೇರವಾಗಿ ವಲಯ ಮಟ್ಟದ ಆಟ. ಸಿಗದಿದ್ದರೆ ಅಂತರ ಕಾಲೇಜು ಟೂರ್ನಿಯ ಸಮಾಧಾನವೂ ಇಲ್ಲ.

ದೊಡ್ಡ ಸಂಸ್ಥೆಗಳ ಬಲ

ಕರಾವಳಿಯ ಮೂಡುಬಿದಿರೆಯಲ್ಲಿ ಡಾ. ಎಂ. ಮೋಹನ ಆಳ್ವ ಅವರು ಕಟ್ಟಿದ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನ, ಕ್ರೀಡಾಪಟುಗಳನ್ನು ದತ್ತು ಪಡೆದು ಓದು, ಊಟ, ವಸತಿ ಒದಗಿಸುವ ಯೋಜನೆಯಿಂದ ರಾಜ್ಯದಾದ್ಯಂತ ಹೆಸರಾಗಿದೆ. ಮೂಡುಬಿದಿರೆಯ ಸ್ವರಾಜ್ಯ ಮೈದಾನದಲ್ಲಿ 2020ರ ಜನವರಿಯಲ್ಲಿ ನಡೆದ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ಕೂಟದಲ್ಲಿ ಮಂಗಳೂರು ವಿಶ್ವವಿದ್ಯಾಲಯ ಸಮಗ್ರ ಪ್ರಶಸ್ತಿ ಗೆದ್ದಿತು. ಆ ವಿಶ್ವವಿದ್ಯಾಲಯದ ಅಥ್ಲೆಟಿಕ್ಸ್ ಬಲದಲ್ಲಿ ಆಳ್ವಾಸ್ ವಿದ್ಯಾರ್ಥಿಗಳ ಪಾಲು ದೊಡ್ಡದು.

ಬೆಂಗಳೂರಿನ ಜೈನ್ ವಿಶ್ವವಿದ್ಯಾಲಯ 2022ರಲ್ಲಿ ಖೇಲೊ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದ ಆತಿಥ್ಯ ವಹಿಸಿ, 20 ಚಿನ್ನದ ಪದಕಗಳೊಂದಿಗೆ ತಾನೇ ಅಗ್ರಸ್ಥಾನ ಪಡೆಯಿತು. ಬಿಲಿಯರ್ಡ್ಸ್‌ನ ಪಂಕಜ್ ಅಡ್ವಾಣಿ, ಕ್ರಿಕೆಟ್‌ನ ರಾಬಿನ್ ಉತ್ತಪ್ಪ, ಕೆ.ಎಲ್. ರಾಹುಲ್ ಅವರು ಇದೇ ಸಮೂಹದ ಕಾಲೇಜಿನಲ್ಲಿ ಓದಿದವರು.

ಇಂತಹ ಸಂಸ್ಥೆಗಳು ನೀಡುವ ನಿಜವಾದ ಕೊಡುಗೆ ಕಟ್ಟಡ ಅಥವಾ ಟ್ರ್ಯಾಕ್ ಮಾತ್ರವಲ್ಲ. ದಿನವೂ ತನಗಿಂತ ಒಂದು ಹೆಜ್ಜೆ ಮುಂದಿರುವವರ ಜೊತೆ ಅಭ್ಯಾಸ ಮಾಡುವ ಅವಕಾಶವೇ ಮುಖ್ಯವಾದುದು. ಊರಿನಲ್ಲಿ ಎಲ್ಲರನ್ನೂ ಸುಲಭವಾಗಿ ಸೋಲಿಸುತ್ತಿದ್ದ ಓಟಗಾರ್ತಿಗೆ ಇಲ್ಲಿ ಬೆಳಗಿನ ಅಭ್ಯಾಸದಲ್ಲೇ ಸ್ಪರ್ಧೆ ದೊರೆಯುತ್ತದೆ. ಪೌಷ್ಟಿಕ ಆಹಾರ, ವಿಭಾಗಕ್ಕೊಬ್ಬ ತರಬೇತುದಾರ, ಫಿಸಿಯೋಥೆರಪಿ, ಪಯಣದ ವೆಚ್ಚ ಇವೆಲ್ಲ ಕೃಷಿ ಕುಟುಂಬವೊಂದು ತನ್ನ ಕೈಯಿಂದ ಭರಿಸಲಾಗದ ಬಾಬತ್ತುಗಳು.

ಹನ್ನೆರಡರ ಲೆಕ್ಕ

ಆದರೆ ತಂಡಕ್ಕೆ ಮಿತಿ ಇದೆ. ಕಬಡ್ಡಿಯಲ್ಲಿ ಅಂಕಣಕ್ಕೆ ಇಳಿಯುವವರು ಏಳು ಮಂದಿ, ಬದಲಿ ಆಟಗಾರರೂ ಸೇರಿ ಗರಿಷ್ಠ 12. ವಾಲಿಬಾಲ್‌ನಲ್ಲಿ ಅಂಕಣದಲ್ಲಿ ಆರು, ತಂಡದಲ್ಲಿ ಸಾಮಾನ್ಯವಾಗಿ 12. ದೊಡ್ಡ ಸಂಸ್ಥೆಯೊಂದರ ಹಾಸ್ಟೆಲ್‌ನಲ್ಲಿ ಒಂದೇ ಆಟಕ್ಕೆ 30 ಮಂದಿ ಇದ್ದಾರೆ ಎಂದುಕೊಳ್ಳೋಣ. ಆ ಪೈಕಿ 18 ಮಂದಿ ಪ್ರತಿ ಟೂರ್ನಿಯಲ್ಲೂ ಹೊರಗುಳಿಯುವುದು ಅನಿವಾರ್ಯ. ತಂಡದೊಳಗಿನ ಐವರು ಬೆಂಚಿನ ಮೇಲೆ.

ಮೊದಲ ವರ್ಷ ಹಿರಿಯರು, ಎರಡನೇ ವರ್ಷ ಹೊರ ರಾಜ್ಯದಿಂದ ಬಂದ ಹೊಸಬರು, ಮೂರನೇ ವರ್ಷ ಗಾಯ. ಹೀಗೆ ಪದವಿ ಮುಗಿದುಹೋದರೆ ಉತ್ತಮ ಅಭ್ಯಾಸ ಪಡೆದೂ ವಿಶ್ವವಿದ್ಯಾಲಯದ ಜೆರ್ಸಿ ತೊಡದೆ ಮನೆಗೆ ಮರಳಬೇಕಾಗುತ್ತದೆ. ಅದೇ ಆಟಗಾರ ತಾಲ್ಲೂಕು ಕಾಲೇಜಿನಲ್ಲಿದ್ದರೆ ಮೊದಲ ವರ್ಷವೇ ನಾಯಕನಾಗಿರುತ್ತಿದ್ದ, ಪ್ರತಿ ಪಂದ್ಯವನ್ನೂ ಪೂರ್ತಿ ಆಡುತ್ತಿದ್ದ.

ಸಣ್ಣ ಕಾಲೇಜಿನ ಕೊರತೆಯೂ ಅಷ್ಟೇ ನಿಜ. ಅಲ್ಲಿ ಸಾಮಾನ್ಯವಾಗಿ ದೈಹಿಕ ಶಿಕ್ಷಣ ನಿರ್ದೇಶಕರು ಒಬ್ಬರೇ. ಕಬಡ್ಡಿ, ಶಟಲ್, ಗುಂಡು ಎಸೆತ, ವಾರ್ಷಿಕ ಕ್ರೀಡಾಕೂಟ ಎಲ್ಲದರ ಹೊಣೆಯೂ ಅವರ ಮೇಲೆಯೇ. ಮಳೆಗಾಲದಲ್ಲಿ ಮಲೆನಾಡಿನ ಮಣ್ಣಿನ ಮೈದಾನ ವಾರಗಟ್ಟಲೆ ಉಪಯೋಗಕ್ಕೆ ಬಾರದು. ಉಳಿದ ಆಟಗಾರರು ದುರ್ಬಲರಾಗಿದ್ದರೆ ತಂಡ ಮೊದಲ ಸುತ್ತಿನಲ್ಲೇ ಸೋತು, ಉತ್ತಮ ಆಟಗಾರನೊಬ್ಬ ಆಯ್ಕೆದಾರರ ಕಣ್ಣಿಗೆ ಬೀಳುವ ಹೊತ್ತಿಗೆ ಟೂರ್ನಿಯೇ ಮುಗಿದಿರುತ್ತದೆ.

ಆಟ ಯಾವುದು ಎಂಬುದೇ ಮೊದಲ ಪ್ರಶ್ನೆ

ಈ ಕಾರಣದಿಂದಲೇ ವೈಯಕ್ತಿಕ ಕ್ರೀಡೆ ಮತ್ತು ಗುಂಪು ಆಟಗಳ ಲೆಕ್ಕಾಚಾರ ಬೇರೆ ಬೇರೆ. ಉದ್ದ ಜಿಗಿತ, 1500 ಮೀಟರ್ ಓಟ, ಭಾರ ಎತ್ತುವುದು ಇವುಗಳಲ್ಲಿ ಅಳತೆಪಟ್ಟಿ, ಗಡಿಯಾರ ಮತ್ತು ತೂಕವೇ ತೀರ್ಪುಗಾರ. ಸೊರಬದ ಕಾಲೇಜಿನಿಂದ ಬಂದವರು ಜಿಗಿದ ದೂರಕ್ಕೂ ನಗರದ ಕಾಲೇಜಿನವರು ಜಿಗಿದ ದೂರಕ್ಕೂ ಒಂದೇ ಅಳತೆ. ಕಾಲೇಜು ಸಣ್ಣದಾದರೂ ವಿಶ್ವವಿದ್ಯಾಲಯ ಕೂಟದ ಸಾಧನೆ ನೇರವಾಗಿ ಲೆಕ್ಕಕ್ಕೆ ಬರುತ್ತದೆ. ಇಲ್ಲಿ ಕೊರತೆಯಾಗುವುದು ಅವಕಾಶವಲ್ಲ, ತರಬೇತಿ.

ಗುಂಪು ಆಟದಲ್ಲಿ ಇದು ತಿರುಗುಮುರುಗು. ಅಲ್ಲಿ ಜೊತೆಗಾರರ ಮಟ್ಟವೇ ಆಟಗಾರನ ಮಟ್ಟವನ್ನು ಬಹುಪಾಲು ನಿರ್ಧರಿಸುತ್ತದೆ. ಆದ್ದರಿಂದ ಗುಂಪು ಆಟದವರು ಕಾಲೇಜಿನ ಒಟ್ಟಾರೆ ಹೆಸರಿಗಿಂತ ತಮ್ಮ ಆಟದಲ್ಲಿ ಆ ಕಾಲೇಜಿನ ಸ್ಥಿತಿ ಏನು, ತಮ್ಮ ಸ್ಥಾನದಲ್ಲಿ ಆಡುವ ಎಷ್ಟು ಮಂದಿ ಈಗಾಗಲೇ ಅಲ್ಲಿದ್ದಾರೆ ಎಂಬುದನ್ನು ವಿಚಾರಿಸುವುದು ಒಳಿತು.

ಕ್ರಿಕೆಟ್ ಮಾತ್ರ ಈ ಚೌಕಟ್ಟಿನ ಹೊರಗಿದೆ. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ವಲಯಗಳು, ವಯೋಮಿತಿ ಟೂರ್ನಿಗಳು ಹಾಗೂ ಕ್ಲಬ್ ಲೀಗ್‌ಗಳೇ ಅಲ್ಲಿನ ಮುಖ್ಯ ದಾರಿ. ಶಿವಮೊಗ್ಗ ಅದರ ವಲಯಗಳಲ್ಲೊಂದಾಗಿದ್ದು, ನವುಲೆಯಲ್ಲಿ ಸಂಸ್ಥೆಯ ಮೈದಾನವಿದೆ. ಕ್ರಿಕೆಟಿಗನಿಗೆ ಕಾಲೇಜು ಮುಖ್ಯವಾಗುವುದು ಹಾಜರಾತಿಯ ವಿಷಯದಲ್ಲಿ ಎಷ್ಟು ಸಹಕರಿಸುತ್ತದೆ ಎಂಬ ಕಾರಣಕ್ಕೆ.

ಗುರುರಾಜ ಹಾದಿ

ಕಾಲೇಜು ಆಯ್ಕೆಯ ಚರ್ಚೆಯಲ್ಲಿ ನೆನೆಯಬೇಕಾದ ಹೆಸರು ವೇಟ್‌ಲಿಫ್ಟರ್ ಗುರುರಾಜ ಪೂಜಾರಿ ಅವರದು. ಕುಂದಾಪುರ ಸೀಮೆಯ ಗ್ರಾಮೀಣ ಕುಟುಂಬದ, ವಾಹನ ಚಾಲಕರೊಬ್ಬರ ಮಗನಾದ ಅವರಿಗೆ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಸುಶೀಲ್ ಕುಮಾರ್ ಪದಕ ಗೆದ್ದದ್ದನ್ನು ಕಂಡು ಕುಸ್ತಿಯಲ್ಲಿ ಆಸಕ್ತಿ ಮೂಡಿತ್ತು. ಉಜಿರೆಯ ಎಸ್‌ಡಿಎಂ ಕಾಲೇಜು ಸೇರಿದ ನಂತರ ಅಲ್ಲಿನ ತರಬೇತುದಾರರ ಸಲಹೆಯಂತೆ 2010ರಲ್ಲಿ ಭಾರ ಎತ್ತುವ ಸ್ಪರ್ಧೆಯತ್ತ ಹೊರಳಿದರು. 2018ರ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕೆ.ಜಿ. ವಿಭಾಗದಲ್ಲಿ ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರು. ಆ ಕೂಟದಲ್ಲಿ ಭಾರತಕ್ಕೆ ದೊರೆತ ಮೊದಲ ಪದಕ ಅದು. 2022ರ ಬರ್ಮಿಂಗ್‌ಹ್ಯಾಂ ಕೂಟದಲ್ಲಿ 61 ಕೆ.ಜಿ. ವಿಭಾಗದ ಕಂಚೂ ಅವರದಾಯಿತು. ಭಾರತೀಯ ವಾಯುಪಡೆಯಲ್ಲಿ ಅವರಿಗೆ ಉದ್ಯೋಗವೂ ದೊರೆಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ವಿದ್ಯಾರ್ಥಿ ಬಯಸಿ ಬಂದ ಕ್ರೀಡೆ ಒಂದು, ಅವನಿಗೆ ಒಗ್ಗಿದ ಕ್ರೀಡೆ ಇನ್ನೊಂದು. ಅದನ್ನು ಗುರುತಿಸಿದ್ದು ದಿನವೂ ಅವನನ್ನು ನೋಡುತ್ತಿದ್ದ ತರಬೇತುದಾರನ ಕಣ್ಣು. ಅಂತಹ ತರಬೇತುದಾರ ಎಲ್ಲಿದ್ದಾರೆ ಎಂಬ ಪ್ರಶ್ನೆ ಕಾಲೇಜಿನ ಪ್ರಶಸ್ತಿ ಪಟ್ಟಿಗಿಂತ ಮುಖ್ಯವಾದುದು.

ಪ್ರಮಾಣಪತ್ರ ಮತ್ತು ಪದಕ

ಗ್ರಾಮೀಣ ಕ್ರೀಡಾಪಟುವಿನ ಮನೆಯವರಿಗೆ ಕ್ರೀಡೆಯೆಂದರೆ ಉದ್ಯೋಗದ ದಾರಿಯೂ ಹೌದು. ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ನಿಯಮಗಳಲ್ಲಿ ಅಂತರ ವಿಶ್ವವಿದ್ಯಾಲಯ ಟೂರ್ನಿಯಲ್ಲಿ ತನ್ನ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದವರು ಅರ್ಹರ ಪಟ್ಟಿಯಲ್ಲಿದ್ದಾರೆ. ನಿಯಮ ಕೇಳುವುದು ವಿಶ್ವವಿದ್ಯಾಲಯದ ಪ್ರಾತಿನಿಧ್ಯವನ್ನು. ಕಾಲೇಜು ದೊಡ್ಡದೋ ಸಣ್ಣದೋ ಎಂಬುದನ್ನಲ್ಲ. ಸೊರಬದ ಕಾಲೇಜಿನಿಂದ ಕುವೆಂಪು ವಿಶ್ವವಿದ್ಯಾಲಯ ತಂಡ ಸೇರಿದವರ ಪ್ರಮಾಣಪತ್ರಕ್ಕೂ ದೊಡ್ಡ ಸಂಸ್ಥೆಯವರ ಪ್ರಮಾಣಪತ್ರಕ್ಕೂ ಈ ಹಂತದಲ್ಲಿ ವ್ಯತ್ಯಾಸವಿಲ್ಲ.

ವ್ಯತ್ಯಾಸ ಇರುವುದು ಮುಂದಿನ ಹಂತದಲ್ಲಿ. ಆದ್ಯತೆಯ ಕ್ರಮದಲ್ಲಿ ದೇಶವನ್ನು ಪ್ರತಿನಿಧಿಸಿದವರು ಮೊದಲು, ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳಲ್ಲಿ ರಾಜ್ಯಕ್ಕೆ ಪದಕ ತಂದವರು ನಂತರ, ಅಂತರ ವಿಶ್ವವಿದ್ಯಾಲಯ ಟೂರ್ನಿಯಲ್ಲಿ ಮೊದಲ ಮೂರು ಸ್ಥಾನ ಪಡೆದವರು ಅದರ ನಂತರ. ಪದಕವಿಲ್ಲದೆ ಕೇವಲ ಭಾಗವಹಿಸಿದವರ ಸರದಿ ಬಹಳ ಕೆಳಗೆ. ಪದಕ ಗೆಲ್ಲುವ ಸಾಮರ್ಥ್ಯವುಳ್ಳ ತಂಡದ ಹನ್ನೆರಡನೆಯ ಆಟಗಾರನಾಗುವುದು ಮತ್ತು ವಲಯ ಮಟ್ಟದಲ್ಲೇ ನಿಲ್ಲುವ ತಂಡದ ನಾಯಕನಾಗುವುದು, ಇವೆರಡರ ಬೆಲೆ ಒಂದೇ ಅಲ್ಲ. ನಿಜವಾದ ಆಯ್ಕೆ ಇರುವುದು ಇಲ್ಲಿಯೇ.

ಈಗಾಗಲೇ ರಾಜ್ಯ ಮಟ್ಟದಲ್ಲಿ ಪದಕ ಪಡೆದ, ದೊಡ್ಡ ತಂಡದಲ್ಲಿ ಸ್ಥಾನ ಖಚಿತವೆನ್ನಿಸುವ ಆಟಗಾರನಿಗೆ ಪ್ರಬಲ ಸಂಸ್ಥೆಯೇ ಸೂಕ್ತ. ಜಿಲ್ಲಾ ಮಟ್ಟದಲ್ಲಿ ನಿಂತಿರುವ, ಇನ್ನೂ ಬೆಳೆಯಬೇಕಾದ ಆಟಗಾರನಿಗೆ ಹೆಚ್ಚು ಪಂದ್ಯ ಕೊಡುವ ಕಾಲೇಜು ಲಾಭದಾಯಕ. ಪದವಿಯ ನಂತರ ಸ್ನಾತಕೋತ್ತರ ಅಥವಾ ಬಿ.ಪಿ.ಇಡಿ. ಓದಿಗೆ ದೊಡ್ಡ ಸಂಸ್ಥೆ ಸೇರುವ ದಾರಿಯೂ ವಯೋಮಿತಿಯೊಳಗೆ ತೆರೆದೇ ಇರುತ್ತದೆ.

ಕಾಲೇಜಿನ ಹೊರಗೂ ನೆರವಿದೆ. ಖೇಲೊ ಇಂಡಿಯಾ ಯೋಜನೆಯಡಿ ಆಯ್ಕೆಯಾದ ಕ್ರೀಡಾಪಟುವಿಗೆ ವರ್ಷಕ್ಕೆ 6.28 ಲಕ್ಷ ರೂಪಾಯಿವರೆಗಿನ ನೆರವು ನಿಗದಿಯಾಗಿದ್ದು, ಅದರಲ್ಲಿ 1.20 ಲಕ್ಷ ಕೈಖರ್ಚಿನ ಭತ್ಯೆ. ವೃತ್ತಿಪರ ಕೋರ್ಸ್ ಬಯಸುವವರಿಗೆ ಸಿಇಟಿಯಲ್ಲಿ ಕ್ರೀಡಾ ಕೋಟಾದ ಸೀಟುಗಳಿವೆ.

ಹೆಣ್ಣುಮಕ್ಕಳ ವಿಷಯ

ಹೆಣ್ಣುಮಕ್ಕಳ ಆಯ್ಕೆಯಲ್ಲಿ ಕ್ರೀಡೆಗಿಂತ ದೂರ ಮತ್ತು ಸುರಕ್ಷತೆಯೇ ಹಲವೆಡೆ ನಿರ್ಣಾಯಕ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಪಯಣ ಉಚಿತವಾದ್ದರಿಂದ ಹತ್ತಿರದ ಕಾಲೇಜಿಗೆ ಓಡಾಡುವ ಖರ್ಚು ಇಳಿಯಿತು. ಆದರೆ ಸಂಜೆಯ ಅಭ್ಯಾಸ ಮುಗಿಯುವ ಹೊತ್ತಿಗೆ ಊರಿಗೆ ಬಸ್ ಇದೆಯೇ ಎಂಬ ಪ್ರಶ್ನೆಯನ್ನು ಟಿಕೆಟ್ ದರ ಬಗೆಹರಿಸುವುದಿಲ್ಲ. ಐದು ಗಂಟೆಯ ಬಸ್ಸಿಗಾಗಿ ಅಭ್ಯಾಸ ಬಿಟ್ಟು ಓಡಬೇಕಾದವಳಿಗೆ ಹಾಸ್ಟೆಲ್ ಇರುವ ಕಾಲೇಜೇ ಮೇಲು. ಅದು ದೊಡ್ಡ ಸಂಸ್ಥೆಯೇ ಆಗಬೇಕೆಂದಿಲ್ಲ. ಸಾಗರ ಅಥವಾ ಶಿವಮೊಗ್ಗದ ಕಾಲೇಜಿನಲ್ಲಿ ಓದುತ್ತಾ ಸರ್ಕಾರಿ ವಿದ್ಯಾರ್ಥಿನಿಲಯದಲ್ಲಿ ಇರುವುದೂ ಒಂದು ನಡುದಾರಿ.

ಅಮೆರಿಕದಲ್ಲಿ ಬದಲಾವಣೆ ಸುಲಭ, ಇಲ್ಲಿ ಕಷ್ಟ

ಇದೇ ಪ್ರಶ್ನೆ ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ದೊಡ್ಡ ಉದ್ಯಮದ ರೂಪ ಪಡೆದಿದೆ. ಅಲ್ಲಿನ ಎನ್‌ಸಿಎಎ ಸಂಸ್ಥೆ ಕಾಲೇಜುಗಳನ್ನು ಮೂರು ಡಿವಿಷನ್‌ಗಳಾಗಿ ವಿಂಗಡಿಸಿದ್ದು, ಮೂರನೇ ಡಿವಿಷನ್‌ನಲ್ಲಿ ಕ್ರೀಡಾ ವಿದ್ಯಾರ್ಥಿವೇತನವೇ ಇಲ್ಲ. 2018ರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಬಂದ ಮೇಲೆ ಕಾಲೇಜು ಬದಲಿಸುವ ಇಚ್ಛೆಯನ್ನು ಆಟಗಾರರು ಅದರಲ್ಲಿ ದಾಖಲಿಸಬಹುದಾಯಿತು. 2021ರಿಂದ ತಮ್ಮ ಹೆಸರು ಮತ್ತು ಚಿತ್ರದಿಂದ ಹಣ ಗಳಿಸುವ ಅವಕಾಶವೂ ಅವರಿಗೆ ದೊರೆಯಿತು. ಸಣ್ಣ ಕಾಲೇಜಿನಲ್ಲಿ ಮಿಂಚಿ ದೊಡ್ಡದಕ್ಕೆ ಹೋಗುವುದು, ದೊಡ್ಡದರಲ್ಲಿ ಬೆಂಚಿನ ಮೇಲೆ ಕುಳಿತವರು ಸಣ್ಣದಕ್ಕೆ ಮರಳುವುದು ಅಲ್ಲಿ ಸಾಮಾನ್ಯ.

ನಮ್ಮಲ್ಲಿ ಪರಿಸ್ಥಿತಿ ಹಾಗಿಲ್ಲ. ವಿಶ್ವವಿದ್ಯಾಲಯ ಬದಲಿಸಲು ವಲಸೆ ಪ್ರಮಾಣಪತ್ರ ಬೇಕು, ಪಠ್ಯಕ್ರಮ ಹೊಂದಬೇಕು. ಪದವಿಯ ನಡುವೆ ಹೊರಬಂದವರು ವರ್ಷವೊಂದನ್ನು ಕಳೆದುಕೊಳ್ಳುವ ಅಪಾಯವಿದೆ. ಮೊದಲ ಆಯ್ಕೆಯೇ ಬಹುತೇಕ ಕೊನೆಯ ಆಯ್ಕೆಯೂ ಆಗುವುದರಿಂದ ವಿಚಾರಿಸಿ ಸೇರುವುದು ಇಲ್ಲಿ ಇನ್ನೂ ಮುಖ್ಯ.

ಸೇರುವ ಮೊದಲು ಕೇಳಬೇಕಾದುದು

ಕ್ರೀಡಾ ಸೀಟು ಪಡೆಯುವ ಮುನ್ನ ಪೋಷಕರು ಹಾಗೂ ವಿದ್ಯಾರ್ಥಿಗಳು ಈ ಕೆಳಗಿನ ವಿಷಯಗಳನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ.

* ಉಚಿತ ಸೌಲಭ್ಯ ಒಂದು ವರ್ಷಕ್ಕೋ, ಪದವಿ ಮುಗಿಯುವವರೆಗೋ? ಲಿಖಿತ ಪತ್ರ ದೊರೆಯುತ್ತದೆಯೇ?

* ಗಾಯವಾಗಿ ಆಡಲಾಗದಿದ್ದರೆ ಶುಲ್ಕ ಮತ್ತು ಹಾಸ್ಟೆಲ್ ಸೌಲಭ್ಯ ಮುಂದುವರಿಯುತ್ತದೆಯೇ? ಚಿಕಿತ್ಸೆಯ ವೆಚ್ಚ ಯಾರದು?

* ಮೂಲ ಅಂಕಪಟ್ಟಿಗಳನ್ನು ಸಂಸ್ಥೆ ತನ್ನ ಬಳಿ ಇಟ್ಟುಕೊಳ್ಳುತ್ತದೆಯೇ? ನಡುವೆ ಬಿಡಬೇಕಾದರೆ ಷರತ್ತುಗಳೇನು?

* ತಮ್ಮ ಆಟಕ್ಕೆ ಪ್ರತ್ಯೇಕ ತರಬೇತುದಾರರಿದ್ದಾರೆಯೇ? ಅವರು ಕಾಯಂ ನೌಕರರೇ?

* ಕಳೆದ ಮೂರು ವರ್ಷಗಳಲ್ಲಿ ಆ ಆಟದಲ್ಲಿ ಕಾಲೇಜಿನ ಎಷ್ಟು ಮಂದಿ ವಿಶ್ವವಿದ್ಯಾಲಯ ತಂಡ ಸೇರಿದ್ದಾರೆ?

* ಟೂರ್ನಿಗೆ ಹೋದ ದಿನಗಳ ಹಾಜರಾತಿ ಹಾಗೂ ತಪ್ಪಿದ ಆಂತರಿಕ ಪರೀಕ್ಷೆಗಳಿಗೆ ಏನು ವ್ಯವಸ್ಥೆ?

* ಇಷ್ಟವಾದ ಕೋರ್ಸ್ ಸಿಗುತ್ತದೆಯೇ, ಸಂಸ್ಥೆ ಸೂಚಿಸಿದ ಕೋರ್ಸನ್ನೇ ಓದಬೇಕೇ?

ಈ ಪ್ರಶ್ನೆಗಳಿಗೆ ಕಚೇರಿಯ ಉತ್ತರವಷ್ಟೇ ಸಾಲದು. ಅಲ್ಲಿ ಎರಡನೇ ವರ್ಷ ಓದುತ್ತಿರುವ, ತಂಡದಲ್ಲಿ ಸ್ಥಾನ ಸಿಗದ ವಿದ್ಯಾರ್ಥಿಯೊಬ್ಬನೊಡನೆ ಅರ್ಧ ಗಂಟೆ ಮಾತನಾಡಿದರೆ ನಿಜಸ್ಥಿತಿ ತಿಳಿಯುತ್ತದೆ. ಗೆದ್ದವರ ಫೋಟೋ ಗೋಡೆಯ ಮೇಲಿರುತ್ತದೆ. ಆಡಲು ಸಿಗದವರ ಅನುಭವ ಕೇಳಿದವರಿಗೆ ಮಾತ್ರ ದೊರೆಯುತ್ತದೆ.

ಓದೇ ಆಧಾರ

ಕಾಲೇಜು ಕ್ರೀಡಾಪಟುಗಳಲ್ಲಿ ಬಹುಪಾಲು ಮಂದಿ ಆಟದಿಂದಲೇ ಬದುಕುವವರಲ್ಲ. 2014ರಲ್ಲಿ ಆರಂಭವಾದ ಪ್ರೊ ಕಬಡ್ಡಿ ಲೀಗ್ ಗ್ರಾಮೀಣ ಯುವಕರಲ್ಲಿ ಹೊಸ ಆಸೆ ಮೂಡಿಸಿದ್ದು ನಿಜವಾದರೂ ಅಲ್ಲಿ ಸ್ಥಾನ ಪಡೆಯುವವರ ಸಂಖ್ಯೆ ಬೆರಳೆಣಿಕೆಯದು. ಉಳಿದವರಿಗೆ ಪೊಲೀಸ್ ಇಲಾಖೆ, ರೈಲ್ವೆ, ಸೇನೆ, ದೈಹಿಕ ಶಿಕ್ಷಕ ವೃತ್ತಿ ಅಥವಾ ಊರಿನ ತೋಟ ಗದ್ದೆಯೇ ಗತಿ. ಇವುಗಳಲ್ಲಿ ಹಲವಕ್ಕೆ ಪದವಿ ಬೇಕೇ ಬೇಕು.

ಹಾಗಾಗಿ ಮೂರು ವರ್ಷದ ಕೊನೆಯಲ್ಲಿ ಪದವಿಯನ್ನೂ ವಿಶ್ವವಿದ್ಯಾಲಯ ಮಟ್ಟದ ಆಟವನ್ನೂ ಒಟ್ಟಿಗೆ ಕೊಡಬಲ್ಲ ಕಾಲೇಜು ಯಾವುದೋ ಅದೇ ಆ ವಿದ್ಯಾರ್ಥಿಯ ಪಾಲಿಗೆ ದೊಡ್ಡ ಕಾಲೇಜು. ಚಂದ್ರಗುತ್ತಿಯ ಒಬ್ಬ ಓಟಗಾರ್ತಿಗೆ ಅದು ಮೂಡುಬಿದಿರೆಯಲ್ಲಿರಬಹುದು. ಅದೇ ಊರಿನ ಕಬಡ್ಡಿ ಆಟಗಾರನಿಗೆ ಸೊರಬದಲ್ಲೇ ಇರಬಹುದು. ಅರ್ಜಿ ತುಂಬುವ ಮುನ್ನ ಎರಡೂ ಕಡೆಯ ಮೈದಾನಕ್ಕೆ ಒಮ್ಮೆ ಹೋಗಿ ಬರುವುದಕ್ಕೆ ತಗಲುವ ಬಸ್ ಖರ್ಚು, ಮೂರು ವರ್ಷ ವ್ಯರ್ಥವಾಗುವುದಕ್ಕಿಂತ ಬಹಳ ಕಡಿಮೆ.